ಅಡಿಗೊಂದು ಇಂಚು

ಮೂರೇ ಮೂರು ಮೆಟ್ಟಿಲು, ಒಂದೊಂದೂ ಆರಿಂಚು ಎತ್ತರ. ನಲವತ್ತು ವರ್ಷ ಅಜ್ಜಿ ಅವುಗಳನ್ನು ಲೆಕ್ಕಕ್ಕೇ ಹಿಡಿದವಳಲ್ಲ. ಕಂಕುಳಲ್ಲಿ ಬಟ್ಟೆಯ ಗಂಟು ಸಿಕ್ಕಿಸಿಕೊಂಡು ದಡದಡ ಇಳಿದು, ಅಂಗಳ ದಾಟಿ, ಬೀದಿ ದಾಟಿ, ಎದುರುಗಡೆಯ ತನ್ನ ಹೊಲಿಗೆ ಅಂಗಡಿಯ ಷಟರ್ ಎತ್ತಿಬಿಡುತ್ತಿದ್ದಳು. ಈಗ ಅವೇ ಮೂರು ಮೆಟ್ಟಿಲು ನಾಲ್ಕು ತಿಂಗಳಿಂದ ಅವಳನ್ನು ಮನೆಯೊಳಗೆ ಕೂಡಿಹಾಕಿದ್ದವು.

ಬಿದ್ದದ್ದು ಅಂಗಡಿಯಲ್ಲೇ. ಮೇಲಿನ ಹಲಗೆಯಿಂದ ಅಸ್ತರಿನ ಬಟ್ಟೆ ತೆಗೆಯಲು ಸ್ಟೂಲು ಹತ್ತಿದವಳು ಸ್ಟೂಲಿನ ಸಮೇತ ಕೆಳಗೆ ಬಂದಳು. ಎಡಗಡೆ ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಹೊಲಿಗೆ ಬಿಚ್ಚಿದ್ದಾಯಿತು, ಆದರೆ ಎಡಗಾಲು ಇನ್ನು ಮೈಭಾರ ಹೊರುವುದಿಲ್ಲ ಎಂದು ಡಾಕ್ಟರು ಕೈಚೆಲ್ಲಿದರು. ಮನೆಗೆ ಗಾಲಿಕುರ್ಚಿ ಬಂತು. ಬಲಗಾಲು ಗಟ್ಟಿಮುಟ್ಟಾಗಿತ್ತು, ಮೋಟಾರು ಹಾಕಿಸಿದ ಮಷೀನು ತುಳಿಯಲು ಒಂದು ಕಾಲು ಧಾರಾಳ ಸಾಕು. ಕೈಗಳಿಗೆ ಏನೂ ಆಗಿರಲಿಲ್ಲ. ಬಾಯಿಗಂತೂ ಒಂದು ತರಚು ಗಾಯವೂ ಆಗಿರಲಿಲ್ಲ.

"ನನ್ನ ಅಂಗಡಿಗೆ ನಾನು ಹೋಗ್ಬೇಕು," ಎಂದು ಅವಳು ದಿನಾ ಬೆಳಿಗ್ಗೆ ಚಹಾ ಕುಡಿಯುತ್ತ ಶುರುಮಾಡುತ್ತಿದ್ದಳು.

"ಆಯ್ತಮ್ಮ, ಬೆಳಿಗ್ಗೆ ನಾನು ಎತ್ತಿ ಇಳಿಸಿ ಹೋಗ್ತೀನಿ, ಸಂಜೆ ಬಂದು ಹತ್ತಿಸ್ತೀನಿ," ಎಂದ ಮಗ. ಅವನು ಗಾರೆ ಕೆಲಸದ ಮೇಸ್ತ್ರಿ. ಏಳು ಗಂಟೆಗೆ ಮನೆ ಬಿಟ್ಟರೆ ಸೈಕಲ್ಲಿನಲ್ಲಿ ವಾಪಸು ಬರುವುದು ಆರಕ್ಕೆ.

"ನಡುವೆ?"

"ನಡುವೆ ಏನು?"

"ಅಂಗಡೀಲಿ ಕಕ್ಕಸು ಇಲ್ಲ ಕಣೋ! ದಿನಕ್ಕೆ ಮೂರು ಸಲ ಮನೆಗೆ ಬರ್ಬೇಕು ನಾನು. ಆಗ ಯಾರನ್ನ ಕರೀಲಿ? ಬೀದೀಲಿ ಹೋಗೋರನ್ನ ನಿಲ್ಲಿಸಿ, ಅಣ್ಣಾ, ನನ್ನ ಸ್ವಲ್ಪ ಎತ್ತಿಕೋ, ನನಗೆ ಅವಸರ ಅಂತ ಹೇಳ್ಲಾ?"

ಮೊಮ್ಮಗಳು ಬಾಯಲ್ಲಿದ್ದ ಚಹಾವನ್ನು ಮೂಗಿನಿಂದ ಬಿಟ್ಟಳು. ಹುಟ್ಟಿದಾಗ ಕೋಟಿನ ಗುಂಡಿಯ ಹಾಗೆ ದುಂಡಗಿದ್ದಳೆಂದು ಅಜ್ಜಿ ಇಟ್ಟ ಹೆಸರು, ಗುಂಡಿ. ಈಗ ಏಳನೇ ತರಗತಿಗೆ ಬಂದು ಕಡ್ಡಿಯಾಗಿದ್ದರೂ ಹೆಸರು ಉಳಿದುಬಿಟ್ಟಿತ್ತು.

ಸೊಸೆಯನ್ನು ಕೇಳುವ ಹಾಗಿರಲಿಲ್ಲ. ಅವಳು ಬೇಕರಿಯಲ್ಲಿ ಬೆಳಗಿನ ಪಾಳಿ. ನಸುಕಿನಲ್ಲೇ ಎದ್ದು ಹೋಗಿ, ಬ್ರೆಡ್ಡಿನ ತಟ್ಟೆಗಳನ್ನು ಎತ್ತಿ ಎತ್ತಿ ಬೆನ್ನು ಹಿಡಿಸಿಕೊಂಡು, ಹತ್ತು ಗಂಟೆಗೆ ಬಂದು ಮಲಗುವವಳು. ಗಾಲಿಕುರ್ಚಿ ಎತ್ತಲು ಹೋದರೆ ಮನೆಗೆ ಇನ್ನೊಂದು ಗಾಲಿಕುರ್ಚಿ ತರಬೇಕಾಗುತ್ತಿತ್ತು.

ಇದರ ಮಧ್ಯೆ ಅಂಗಡಿಯ ಮಾಲೀಕ ಒಂದು ದಿನ ಬಂದು ಕುರ್ಚಿಯ ತುದಿಯಲ್ಲಿ ಕೂತು, ಬಾಯಿ ತುಂಬ ಕ್ಷೇಮ ವಿಚಾರಿಸಿ, ಕೊನೆಗೆ ಹೇಳಿದ: "ನೋಡಿ ಅಮ್ಮಾ, ಮುಚ್ಚಿದ ಅಂಗಡಿ ಬೀದಿಯ ಕಳೇನೇ ತೆಗೀತದೆ. ಎರಡು ತಿಂಗಳು ಕಾಯ್ತೀನಿ. ಒಂದನೇ ತಾರೀಕಿಗೆ ನೀವು ಬಂದು ಕೂತ್ರೆ ಅಂಗಡಿ ನಿಮ್ಮದೇ. ಇಲ್ಲ ಅಂದ್ರೆ ಮೊಬೈಲ್ ರಿಪೇರಿ ಹುಡುಗ ಒಬ್ಬ ಕೇಳ್ತಾ ಇದಾನೆ."

ಅವನು ಹೋದ ಮೇಲೆ ಮಗ ತಲೆ ಕೆರೆದುಕೊಂಡ. "ಸಾಕು ಬಿಡಮ್ಮ. ಮಷೀನು ಮನೆಗೇ ತಂದು ಹಾಕ್ತೀನಿ. ಇಲ್ಲೇ ಕೂತು ಹೊಲಿ."

"ಇಲ್ಲಿ ಯಾರು ಬರ್ತಾರೆ, ಹಲ್ಲಿ ಬಂದು ಅಳತೆ ಕೊಡ್ತದಾ? ಅಲ್ಲಿ ನಾಲ್ಕು ಮುಖ ನೋಡ್ತೀನಿ, ನಾಲ್ಕು ಮಾತಾಡ್ತೀನಿ. ನಾಲ್ಕು ತಿಂಗಳಿಂದ ಈ ಗೋಡೆ ನೋಡಿ ನೋಡಿ ಗೋಡೆಗೂ ನನ್ನ ಮುಖ ಸಾಕಾಗಿದೆ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳು ಅಳುವುದನ್ನು ಕಂಡು ಆ ಮನೆಗೆ ಅಭ್ಯಾಸವಿರಲಿಲ್ಲ.

"ಸರಿ," ಎಂದ ಮಗ ಎದ್ದು ನಿಂತು. "ಮೆಟ್ಟಿಲು ಮುಚ್ಚಿ ಇಳಿಜಾರು ಕಟ್ಟಿಬಿಡ್ತೀನಿ. ಕಟ್ಟೋನು ಮನೇಲೇ ಇರುವಾಗ ಇಷ್ಟು ಮಾತೇಕೆ?"

ಕೆಲಸಕ್ಕೆ ಇಳಿದರೆ ಅವನು ಅಸಾಧ್ಯ ಮನುಷ್ಯ. ಒಂದೇ ಭಾನುವಾರ ಇಟ್ಟಿಗೆ, ಮರಳು, ಸಿಮೆಂಟು ಬಂತು. ಸಂಜೆಯೊಳಗೆ ಹೊಸ್ತಿಲಿನಿಂದ ಅಂಗಳಕ್ಕೆ ಒಂಬತ್ತು ಅಡಿ ಉದ್ದದ ನುಣ್ಣನೆಯ ಇಳಿಜಾರು ಎದ್ದು ನಿಂತಿತು. ಗಾರೆ ಒಣಗಿದ ಮೇಲೆ ಅವನು ಅಕ್ಕಪಕ್ಕದವರನ್ನೆಲ್ಲ ಕರೆದು, ಒಂದು ಚೊಂಬು ನೀರು ತಂದು ಹೊಸ್ತಿಲ ಬಳಿ ಸುರಿದ. ನೀರು ಸರ್ರನೆ ಓಡಿ ಗೇಟು ದಾಟಿ ಬೀದಿ ಸೇರಿತು.

"ನೋಡಿದ್ರಾ? ಒಂದು ಹನಿ ನಿಲ್ಲಲಿಲ್ಲ!" ಎಂದು ಅವನು ಎದೆಯುಬ್ಬಿಸಿದ.

ಅವನದೇನೂ ತಪ್ಪಿಲ್ಲ ಅನ್ನಿ. ಇಪ್ಪತ್ತೆರಡು ವರ್ಷದಿಂದ ಬಚ್ಚಲು, ತಾರಸಿ, ಮೋರಿ ಕಟ್ಟಿಕೊಂಡು ಬಂದವನು. ಅವನ ಪ್ರಪಂಚದಲ್ಲಿ ನೀರು ನಿಲ್ಲುವುದಕ್ಕಿಂತ ದೊಡ್ಡ ಪಾಪವಿಲ್ಲ. ತಾಯಿ ಕೂರುವ ಕುರ್ಚಿಗೂ ಗಾಲಿಗಳಿವೆ, ಅದೂ ನೀರಿನ ಹಾಗೇ ಓಡೀತು ಎಂಬುದು ಅವನಿಗಾಗಲೀ ಚಪ್ಪಾಳೆ ತಟ್ಟಿದವರಿಗಾಗಲೀ ಹೊಳೆಯಲಿಲ್ಲ.

ಹೊಳೆದದ್ದು ಅಜ್ಜಿಗೆ, ಅದೂ ಅರ್ಧ ದಾರಿಯಲ್ಲಿ. ಗಾಲಿಯ ಅಂಚು ಅಂಗೈ ಸುಡುತ್ತ ತಿರುಗಿತು, ಅವಳು ಕೈಬಿಟ್ಟಳು. ಕುರ್ಚಿ ಇಳಿಜಾರು ಮುಗಿಸಿ, ತೆರೆದ ಗೇಟಿನಲ್ಲಿ ನುಗ್ಗಿ, ಬೀದಿ ದಾಟಿ, ಎದುರಿನ ಷಟರಿಗೆ ಢಣ್ ಎಂದು ಬಡಿದು ನಿಂತಿತು. ಮಗ "ಅಮ್ಮಾ!" ಎಂದು ಕಿರುಚುತ್ತ ಹಿಂದೆ ಓಡಿಬಂದ.

ಅಜ್ಜಿ ಎರಡು ಸಲ ಉಸಿರೆಳೆದುಕೊಂಡು, ಕೆದರಿದ ಕೂದಲು ಸರಿಮಾಡಿಕೊಂಡಳು. "ಅಂತೂ ಅಂಗಡಿ ತಲುಪಿದೆ," ಎಂದಳು. "ಇಳಿಯೋದು ಹೀಗಾದ್ರೆ ಹತ್ತೋದು ಹೇಗೋ? ನೀನು ನೀರಿಗೆ ದಾರಿ ಕಟ್ಟಿದೀಯ ಮಗಾ, ನಿನ್ನ ತಾಯಿಗಲ್ಲ."

ಹತ್ತಲು ನೋಡಿದಾಗ ಒಂದು ಗಜವೂ ಮೇಲೇರಲಾಗಲಿಲ್ಲ. ಮತ್ತೆ ಎತ್ತಿಯೇ ಒಳಗೆ ತಂದರು.

ಅದೇ ವಾರ ಮನೆಯಲ್ಲಿ ಇನ್ನೊಂದು ಸಿಡಿಲು ಬಿತ್ತು. ಸೊಸೆ ಶಾಲೆಯ ಚೀಲ ಒಗೆಯಲು ಕೊಡವಿದಾಗ ತಳದಲ್ಲಿ ಮಡಚಿಟ್ಟ ಗಣಿತದ ಉತ್ತರಪತ್ರಿಕೆ ಸಿಕ್ಕಿತು. ಇಪ್ಪತ್ತೈದಕ್ಕೆ ನಾಲ್ಕು.

"ನಾಲ್ಕು!" ಊಟಕ್ಕೆ ಕೂತವರ ಮುಂದೆ ಅವಳು ಕಾಗದ ಆಡಿಸಿದಳು. "ಇವಳು ಓದ್ಲಿ ಅಂತ ನಾನು ಒಲೆ ಮುಂದೆ ಬೇಯ್ತೀನಿ. ಇವಳು ನಾಲ್ಕು ತಗೊಂಡು ಬಂದು ಬಚ್ಚಿಡ್ತಾಳೆ!"

"ನಿನ್ನ ಮಗಳಲ್ವಾ, ಬಚ್ಚಿಡೋ ಜಾಗನಾದ್ರೂ ಬೇರೆ ಹುಡುಕ್ಬೇಕಿತ್ತು," ಎಂದ ಗಂಡ.

"ನೀವು ಸುಮ್ನಿರಿ! ನಿಮ್ಮ ಇಳಿಜಾರಿನ ಕತೆ ಊರೆಲ್ಲ ಆಗಿದೆ. ಇವಳ ಕಾಗದ ನೋಡಿ, ಅದೇ ಪಾಠ. ಇಳಿಜಾರು! ಅಪ್ಪ ಮಗಳು ಇಬ್ಬರೂ ಒಂದರಲ್ಲೇ ಫೇಲು."

ಗುಂಡಿ ತಟ್ಟೆಯೊಳಗಿನ ಆಲೂಗಡ್ಡೆಯನ್ನು ನೋಡುತ್ತ ಕೂತಳು. ಅದು ಎರಡಾಗಿ, ನಾಲ್ಕಾಗಿ ಕಣ್ಣೀರಿನಲ್ಲಿ ಕಲಸಿಹೋಯಿತು. ಅಜ್ಜಿ ಕೈಚಾಚಿ ಕಾಗದ ಇಸಕೊಂಡಳು. ಅವಳು ಶಾಲೆ ಬಿಟ್ಟದ್ದು ಐದನೇ ತರಗತಿಗೆ. ಆದರೂ ಕನ್ನಡಕ ಏರಿಸಿ, ಚೌಕುಳಿ ಹಾಳೆಯ ಮೇಲಿನ ಓರೆ ಗೆರೆಯನ್ನು ಬಟ್ಟೆ ನೋಡುವ ಹಾಗೆ ತಿರುಗಿಸಿ ಮುರುಗಿಸಿ ನೋಡಿದಳು.

"ಇಳಿಜಾರು ಅಂದ್ರೇನೇ ಗುಂಡಿ?"

"ಲಂಬ ವ್ಯತ್ಯಾಸವನ್ನು ಅಡ್ಡ ವ್ಯತ್ಯಾಸದಿಂದ ಭಾಗಿಸಿದರೆ ಬರುವುದು," ಎಂದು ಗುಂಡಿ ಒಂದೇ ಉಸಿರಿಗೆ ಒಪ್ಪಿಸಿದಳು.

"ಅಂದ್ರೆ?"

"ಅಂದ್ರೆ... ಗೊತ್ತಿಲ್ಲ."

"ಇದು ಒಂದೇ ಗೆರೆ ತಾನೆ? ಇದಕ್ಕೆ ಮೂರು ಕಡೆ ಮೂರು ಉತ್ತರ ಬರೆದಿದೀಯ."

"ಮೂರು ಸಲ ಬೇರೆ ಬೇರೆ ಎರಡು ಬಿಂದು ಕೊಟ್ಟಿದ್ರು. ಬೇರೆ ಬೇರೆ ಉತ್ತರ ಬರುತ್ತೆ ಅಂದ್ಕೊಂಡೆ."

"ನಾಳೆ ಶಾಲೆಯಿಂದ ಬಂದ್ಮೇಲೆ ನನ್ನ ಹತ್ರ ಬಾ," ಎಂದಳು ಅಜ್ಜಿ. "ಈಗ ಆ ಆಲೂಗಡ್ಡೆ ತಿನ್ನು. ಅದೇನು ತಪ್ಪು ಮಾಡಿದೆ?"

ಮರುದಿನ ಸಂಜೆ ಊಟದ ಮೇಜಿನ ಮೇಲೆ ಹಳೆಯ ಬೆಡ್‌ಶೀಟು ಹಾಸಿತ್ತು. ಅಜ್ಜಿ ಜೀವಮಾನವಿಡೀ ಹೊಲಿದದ್ದು ಹೆಚ್ಚಾಗಿ ಲಂಗ. ಆರು ಪಟ್ಟಿ, ಎಂಟು ಪಟ್ಟಿ ಜೋಡಿಸಿ ಹೊಲಿಯುವ ಲಂಗ. ಪ್ರತಿ ಪಟ್ಟಿಯೂ ಸೊಂಟದಲ್ಲಿ ಕಿರಿದು, ಕೆಳಗೆ ಹೋಗುತ್ತ ಅಗಲ.

"ಮೇಲೆ ಮೂರಿಂಚು. ಉದ್ದ ಇಪ್ಪತ್ತನಾಲ್ಕು. ಕೆಳಗೆ ಹದಿನೈದು ಬರ್ಬೇಕು. ಈ ಕಡೆ ಅಂಚು ನೆಟ್ಟಗೆ, ಆ ಕಡೆ ಅಂಚು ಓರೆ. ಎಷ್ಟು ಹೆಚ್ಚಾಯ್ತು?"

"ಹನ್ನೆರಡು."

"ಎಷ್ಟು ಕೆಳಗೆ ಬಂದಾಗ?"

"ಇಪ್ಪತ್ತನಾಲ್ಕು."

"ಹಾಗಾದ್ರೆ ನಾಲ್ಕಿಂಚು ಕೆಳಗೆ ಬಂದಾಗ ಎಷ್ಟು ಹೆಚ್ಚಾಗಿರ್ಬೇಕು?"

ಗುಂಡಿ ಬೆರಳು ಮಡಚಿ ಯೋಚಿಸಿದಳು. "ಎರಡು?"

"ಹಾಕು ಗುರುತು. ಎಂಟಕ್ಕೆ?"

"ನಾಲ್ಕು. ಹನ್ನೆರಡಕ್ಕೆ ಆರು. ಹದಿನಾರಕ್ಕೆ ಎಂಟು. ಇಪ್ಪತ್ತಕ್ಕೆ ಹತ್ತು." ಸೀಮೆಸುಣ್ಣದ ಗುರುತುಗಳು ಒಂದೊಂದಾಗಿ ಬಿದ್ದವು. ಅಜ್ಜಿ ಮರದ ಅಳತೆಪಟ್ಟಿ ಇಟ್ಟು ಒತ್ತಿದಳು. ಎಲ್ಲ ಗುರುತುಗಳೂ ತುಟಿ ಪಿಟಕ್ಕೆನ್ನದೆ ಒಂದೇ ಗೆರೆಯಲ್ಲಿ ನಿಂತಿದ್ದವು.

"ಈಗ ನೀನು ಮೊದಲನೇ ಗುರುತು, ಎರಡನೇ ಗುರುತು ತಗೊಂಡು ನೋಡು. ಇಲ್ಲಾ ಎರಡನೇದು, ಐದನೇದು ತಗೋ. ಇಂಚಿಗೆ ಎಷ್ಟು ಹೆಚ್ತದೆ?"

ಗುಂಡಿ ಲೆಕ್ಕ ಹಾಕಿದಳು. ಮತ್ತೊಮ್ಮೆ ಹಾಕಿದಳು. "ಅರ್ಧ. ಎಲ್ಲಿ ತಗೊಂಡ್ರೂ ಅರ್ಧಾನೇ ಬರ್ತಿದೆ ಅಜ್ಜಿ!"

"ಬರ್ಲೇಬೇಕು. ಒಂದು ಕಡೆ ಅರ್ಧ, ಇನ್ನೊಂದು ಕಡೆ ಮುಕ್ಕಾಲು ಹೆಚ್ಚಿದ್ರೆ ಆ ಜಾಗದಲ್ಲಿ ಲಂಗಕ್ಕೆ ಹೊಟ್ಟೆ ಬರ್ತದೆ. ಗಿರಾಕಿ ನನ್ನ ಮುಖಕ್ಕೆ ಎಸೆದು ಹೋಗ್ತಾಳೆ. ಒಂದೇ ಸಮ ಹೆಚ್ಚಿದ್ರೇ ಗೆರೆ ನೆಟ್ಟಗೆ. ಗೆರೆ ನೆಟ್ಟಗಿದ್ರೆ ಒಂದೇ ಸಮ ಹೆಚ್ಚಿದೆ ಅಂತ. ಇಷ್ಟೇನೇ ಅದು? ಇದಕ್ಕೆ ಲಂಬ, ಅಡ್ಡ ಅಂತ ಮಗೂನ ಹೆದರಿಸಿದಾರೆ!"

ಗುಂಡಿ ಮೇಜಿನ ಮೇಲೆ ಬಾಗಿ ಆ ಬಿಳಿ ಗೆರೆಯನ್ನು ಬಹಳ ಹೊತ್ತು ನೋಡಿದಳು. ಅವಳ ಮುಖ ಅರಳಿದ್ದು ಕಂಡು ಅಜ್ಜಿಗೆ ನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ಚೆನ್ನಾಗಿ ಹಸಿವಾಯಿತು. ಸೊಸೆ ಬೇಕರಿಯಿಂದ ತಂದ ಮುರುಕು ಬನ್ನುಗಳಲ್ಲಿ ಮೂರು ತಿಂದಳು.

ಮಗ ಇತ್ತ ಸುಮ್ಮನೆ ಕೂತಿರಲಿಲ್ಲ. ಎರಡು ಭಾನುವಾರ ಹಾರೆ ಹಿಡಿದು ಹಳೆಯ ಇಳಿಜಾರನ್ನು ಕೆತ್ತಿ, ಮುಂದಕ್ಕೆ ಹನ್ನೆರಡು ಅಡಿಗೆ ಎಳೆದ. ಅಂಗಳ ಇದ್ದದ್ದೇ ಹದಿನಾರು ಅಡಿ. ಗೇಟಿನ ಬಳಿ ಕುರ್ಚಿ ತಿರುಗಿಸಲು ನಾಲ್ಕಡಿ ಬಿಡಲೇಬೇಕಿತ್ತು. ಈ ಸಲ ಚೊಂಬು ತರಲಿಲ್ಲ. ತಾಯಿಯನ್ನು ತಾನೇ ಹಿಡಿದು ಕೆಳಗಿಳಿಸಿ, ಕೆಳಗಿನಿಂದ ಸ್ವಲ್ಪ ದೂರ ಹತ್ತಿಸಿ ನೋಡಿದ. ಕುರ್ಚಿ ಸಲೀಸಾಗಿ ಏರಿತು. "ಆಯ್ತು ನೋಡು!" ಎಂದು, ಮಳೆ ಹನಿಯಲು ಶುರುವಾದದ್ದರಿಂದ, ಮೇಲಿನ ತುದಿಯವರೆಗೂ ನೋಡದೆ ತಾನೇ ತಳ್ಳಿಕೊಂಡು ಒಳಗೆ ಬಂದ.

ಶನಿವಾರ ಬೆಳಿಗ್ಗೆ ಅವನು ತಾಯಿಯನ್ನು ಅಂಗಡಿಯಲ್ಲಿ ಇಳಿಸಿ ಕೆಲಸಕ್ಕೆ ಹೋದ. ಅಜ್ಜಿ ಧೂಳು ಹೊಡೆದಳು, ಮಷೀನಿಗೆ ಎಣ್ಣೆ ಬಿಟ್ಟಳು, ದಾರಿಯಲ್ಲಿ ಹೋಗುವವರನ್ನು ಕರೆದು ಕರೆದು ಮಾತಾಡಿಸಿದಳು. ಮಧ್ಯಾಹ್ನ ಹನ್ನೆರಡೂವರೆಗೆ ಕಕ್ಕಸಿಗೆಂದು ಮನೆಗೆ ಹೊರಟಳು. ಬೀದಿ ದಾಟಿದಳು. ಗೇಟು ದಾಟಿದಳು. ಇಳಿಜಾರಿನ ಮೇಲೆ ಒಂದು ಅಡಿ, ಎರಡು, ನಾಲ್ಕು, ಎಂಟು. ಗಾಲಿಗಳು ಹೇಳಿದ ಹಾಗೆ ಕೇಳುತ್ತಿದ್ದವು. ಆಮೇಲೆ ಇದ್ದಕ್ಕಿದ್ದಂತೆ ಯಾರೋ ಕುರ್ಚಿಯ ಮುಂದೆ ಗೋಡೆ ಕಟ್ಟಿದ ಹಾಗಾಯಿತು. ಹಲ್ಲುಕಚ್ಚಿ ಇನ್ನೆರಡು ಅಡಿ ಏರಿದಳು. ಬ್ರೇಕು ಹಾಕಿದಳು. ಬಾಗಿಲು ಎರಡೇ ಅಡಿ ದೂರ. ಮುಂದಕ್ಕೆ ಹೋಗಲು ಶಕ್ತಿಯಿಲ್ಲ, ಹಿಂದಕ್ಕೆ ಬಿಡಲು ಧೈರ್ಯವಿಲ್ಲ.

ಗುಂಡಿ ಅರ್ಧ ದಿನದ ಶಾಲೆ ಮುಗಿಸಿ ಒಂದೂಕಾಲಿಗೆ ಬಂದಾಗ ಅಜ್ಜಿ ಹಾಗೆಯೇ ಬಿಸಿಲಲ್ಲಿ ಬಾಗಿಲು ನೋಡುತ್ತ ಕೂತಿದ್ದಳು. ಸೀರೆ ಒದ್ದೆಯಾಗಿತ್ತು. ಗುಂಡಿ ಚೀಲ ಎಸೆದು ಬೆನ್ನು ಕೊಟ್ಟು ನೂಕಿದಳು. ಇಬ್ಬರೂ ಸೇರಿ ಹೊಸ್ತಿಲು ದಾಟಿದರು.

"ನಿಮ್ಮಪ್ಪನಿಗೆ ಹೇಳಿಬಿಡು," ಎಂದಳು ಅಜ್ಜಿ ಮುಖ ಗೋಡೆಗೆ ತಿರುಗಿಸಿ. "ಅಂಗಡಿ ಬಿಟ್ಟುಬಿಡ್ತೀನಿ ಅಂತ. ಆ ಹುಡುಗನಿಗೇ ಕೊಡ್ಲಿ. ಮೊಬೈಲಾದ್ರೂ ರಿಪೇರಿ ಆಗ್ಲಿ."

ಗುಂಡಿ ಅಜ್ಜಿಯ ಡಬ್ಬಿಯಿಂದ ನೂಲಿನ ಉಂಡೆ, ಅಳತೆ ಟೇಪು, ಅಪ್ಪ ಮನೆಯಲ್ಲಿ ಬಿಟ್ಟಿದ್ದ ಹಳೆಯ ಚೀಲದಿಂದ ರಸಮಟ್ಟ ತೆಗೆದುಕೊಂಡು ಹೊರಗೆ ಹೋದಳು. ಹೊಸ್ತಿಲಿನ ಎತ್ತರಕ್ಕೆ ನೂಲು ಬಿಗಿದು, ರಸಮಟ್ಟದ ಗುಳ್ಳೆ ನಡುವೆ ನಿಲ್ಲುವ ತನಕ ಗೇಟಿನ ಕಡೆಯ ತುದಿಯನ್ನು ಸರಿಮಾಡಿದಳು. ಆಮೇಲೆ ಅಡಿಗೊಂದು ಸಲ ಮಂಡಿಯೂರಿ, ನೂಲಿನಿಂದ ಗಾರೆಯವರೆಗೆ ಅಳೆದು, ಹದಿನೆಂಟರಲ್ಲಿ ಕಳೆದು ಬರೆದುಕೊಂಡಳು. ಹಾದಿಹೋಕರು ನಿಂತು ನೋಡಿದರು, ಅವಳು ತಲೆಯೆತ್ತಲಿಲ್ಲ.

ಆ ದಿನ ಅನ್ನ ಬಡಿಸುವ ಮೊದಲೇ ಚೌಕುಳಿ ಹಾಳೆ ಮೇಜಿನ ಮೇಲೆ ಬಂತು.

"ಅಪ್ಪ, ನೋಡು. ಕೆಳಗಿನಿಂದ ಒಂದಡಿಗೆ ಒಂದಿಂಚು ಎತ್ತರ. ಎರಡಡಿಗೆ ಎರಡು. ಎಂಟಡಿಗೆ ಎಂಟು. ಇಲ್ಲೀ ತನಕ ಗೆರೆ ನೆಟ್ಟಗಿದೆ. ಒಂಬತ್ತಕ್ಕೆ ಒಂಬತ್ತು ಇರ್ಬೇಕಲ್ವಾ? ಇರೋದು ಹತ್ತೂವರೆ. ಆಮೇಲೆ ಹದಿಮೂರು, ಹದಿನೈದೂವರೆ, ಹದಿನೆಂಟು. ಇಲ್ಲಿ ಗೆರೆ ಮುರಿದು ಮೇಲೆ ಎದ್ದಿದೆ. ಅಡಿಗೆ ಎರಡೂವರೆ ಇಂಚು! ನಿನ್ನ ಮೊದಲನೇದಾದ್ರೂ ಎಲ್ಲ ಕಡೆ ಎರಡೇ ಇತ್ತು."

ಮೇಸ್ತ್ರಿಯ ಮುಖ ಕೆಂಪಾಯಿತು. "ಕೆಳಗೆ ಮೆತ್ತಗಿರ್ಲಿ, ಹತ್ತೋಕೆ ಹುರುಪು ಬರ್ಲಿ ಅಂತ ಹಾಗೆ ಕೊಟ್ಟೆ. ಕಣ್ಣಳತೆ. ಇಪ್ಪತ್ತೆರಡು ವರ್ಷದ ಕಣ್ಣು ಇದು!"

"ಹುರುಪು ಎಂಟಡಿಗೇ ಮುಗೀತು ಕಣೋ," ಎಂದಳು ಅಜ್ಜಿ ಹಾಳೆಯ ಮೇಲೆ ಬಾಗಿ. ಅವಳ ಕಣ್ಣಿಗೆ ಅದು ಯಾವನೋ ಕುಡಿದವನು ಕತ್ತರಿ ಹೊಡೆದ ಲಂಗದ ಪಟ್ಟಿಯಾಗಿತ್ತು. ಮುರಿದ ಗೆರೆಯ ಮೇಲೆ ಬೆರಳಿಟ್ಟಳು. "ಇಲ್ಲೇ. ಸರಿಯಾಗಿ ಇಲ್ಲೇ ನನ್ನ ಕೈ ಸೋತಿದ್ದು."

ಮಗ ಆ ಬೆರಳನ್ನೇ ನೋಡಿದ. ದನಿ ತಗ್ಗಿತು. "ಮುಕ್ಕಾಲು ಗಂಟೆ ಕೂತಿದ್ದಳಂತಲ್ಲ," ಎಂದ ಯಾರಿಗೂ ಅಲ್ಲದ ಹಾಗೆ. ಆಮೇಲೆ, "ಸರಿ, ಹದಿನೆಂಟು ಇಂಚನ್ನ ಹನ್ನೆರಡಡಿಗೆ ಸಮ ಹಂಚ್ತೀನಿ. ಅಡಿಗೆ ಒಂದೂವರೆ."

"ಒಂದೂವರೆ ಅಜ್ಜಿಗೆ ಆಗುತ್ತೋ ಇಲ್ವೋ ನಮಗೆ ಗೊತ್ತಿಲ್ಲಪ್ಪ," ಎಂದಳು ಗುಂಡಿ. "ಒಂದು ಆಗುತ್ತೆ ಅಂತ ಗೊತ್ತು. ಎಂಟಡಿ ಸಲೀಸಾಗಿ ಹತ್ತಿದಾಳೆ."

"ಒಂದಕ್ಕೆ ಹದಿನೆಂಟು ಅಡಿ ಉದ್ದ ಬೇಕು ಕಣೇ. ಉಳಿದ ಆರಡಿ ಎಲ್ಲಿಂದ ತರ್ಲಿ? ಬೀದಿಗೆ ಚಾಚಿಬಿಡ್ಲಾ?"

"ತಿರುಗಿಸು. ಬಾಗಿಲ ಮುಂದೆ ಸಮತಟ್ಟು. ಅಲ್ಲಿಂದ ಗೋಡೆಗುಂಟ ಹತ್ತಡಿ, ಹತ್ತಿಂಚು ಇಳೀತು. ಮೂಲೇಲಿ ಕುರ್ಚಿ ತಿರುಗೋಕೆ ನಾಲ್ಕಡಿ ಸಮತಟ್ಟು. ಅಲ್ಲಿಂದ ಗೇಟಿನ ಕಡೆಗೆ ಎಂಟಡಿ, ಎಂಟಿಂಚು. ಹತ್ತೂ ಎಂಟೂ ಹದಿನೆಂಟು!"

ಮೇಸ್ತ್ರಿ ಹಾಳೆ ಎಳೆದುಕೊಂಡ. ಪೆನ್ಸಿಲು ಕಿವಿಯಿಂದ ಇಳಿಯಿತು. ಆಗಲೇ ಸೊಸೆಯ ಸೌಟು ಪಾತ್ರೆಯ ಅಂಚಿಗೆ ಟಣ್ಣೆಂದಿತು.

"ಆ ಮೂಲೇಲಿ ನನ್ನ ಕಲ್ಲಿದೆ."

ಬಟ್ಟೆ ಒಗೆಯುವ ಕಲ್ಲು, ಪಕ್ಕದಲ್ಲಿ ನಲ್ಲಿ, ಗೋಡೆಗುಂಟ ಬಟ್ಟೆ ಒಣಗಿಸುವ ತಂತಿ. ಬೇಕರಿಯ ಹಿಟ್ಟು, ಬೆವರು, ಬೈಗುಳ ಎಲ್ಲವನ್ನೂ ಸೊಸೆ ಸಂಜೆ ಆ ಕಲ್ಲಿನ ಮೇಲೆ ಬಡಿದು ತೊಳೆಯುತ್ತಿದ್ದಳು.

"ಕಲ್ಲು ಹಿತ್ತಿಲಿಗೆ ಹಾಕೋಣ ಬಿಡೇ," ಎಂದ ಗಂಡ.

"ಹಿತ್ತಿಲಲ್ಲಿ ಬಿಸಿಲಿದೆಯಾ? ನಲ್ಲಿ ಇದೆಯಾ? ಈ ಮನೇಲಿ ನನ್ನದು ಅಂತ ಇರೋದು ಅದೊಂದು ಕಲ್ಲು. ಅದನ್ನೂ ಲೆಕ್ಕ ಮಾಡಿ ತೆಗೀತೀರಾ?" ಅವಳು ಸೌಟು ಇಟ್ಟು ಒಳಗೆ ಹೋದಳು. ಅವತ್ತು ಎಲ್ಲರೂ ತಾವೇ ಬಡಿಸಿಕೊಂಡರು.

ನಾಲ್ಕು ದಿನ ಆ ಮನೆಯಲ್ಲಿ ಪಾತ್ರೆಗಳೇ ಮಾತಾಡಿದವು. ಅಜ್ಜಿ ಯಾರ ಪರವೂ ವಹಿಸಲಿಲ್ಲ. ಸೊಸೆಯ ಕಷ್ಟ ಅವಳಿಗೆ ಕಾಣುತ್ತಿತ್ತು. ಐದನೆಯ ದಿನ ಸೊಸೆಯೇ ಬಂದು ಗಾಲಿಕುರ್ಚಿಯ ಮುಂದೆ ನಿಂತಳು.

"ಅತ್ತೆ, ಅವತ್ತು ನಾನು ಒಳಗೇ ಮಲಗಿದ್ದೆ. ಬಾಗಿಲು ಎರಡಡಿ ದೂರ. ಒಂದು ಕೂಗು ಹಾಕಿದ್ರೆ ಎದ್ದು ಬರ್ತಿರ್ಲಿಲ್ವಾ? ಯಾಕೆ ಕರೀಲಿಲ್ಲ?"

"ನಿನಗೆ ಸಿಗೋದೇ ಅಷ್ಟು ನಿದ್ದೆ. ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ ಕಣಮ್ಮ."

ಸೊಸೆ ಸೆರಗಿನಿಂದ ಮೂಗೊರೆಸಿಕೊಂಡು ಹೊರಗೆ ಹೋದಳು. ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ತಂತಿ ಬಿಚ್ಚುವ ಸದ್ದು. "ಕೇಳಿಸ್ಕೊಳ್ಳಿ!" ಎಂದು ಅಲ್ಲಿಂದಲೇ ಕೂಗಿದಳು. "ಹಿತ್ತಿಲಿಗೆ ಕಲ್ಲು, ನಲ್ಲಿ ಎರಡೂ ಬರೋ ತನಕ ಮನೆ ಬಟ್ಟೆ ಎಲ್ಲ ಮೇಸ್ತ್ರಿ ಒಗೀಬೇಕು!"

ಕಲ್ಲು, ನಲ್ಲಿ ಮೂರೇ ದಿನದಲ್ಲಿ ಹಿತ್ತಿಲು ಸೇರಿದವು.

ಮೂರನೆಯ ಸಲ ಕಟ್ಟುವಾಗ ಕಣ್ಣಳತೆಗೆ ರಜೆ. ಗುಂಡಿ ಅಜ್ಜಿಯ ನೀಲಿ ಸೀಮೆಸುಣ್ಣ ಹಿಡಿದು ಗೋಡೆಗೆ ಗುರುತು ಹಾಕಿದಳು, ಅಡಿಗೊಂದು ಇಂಚು ಕೆಳಗೆ, ಅಡಿಗೊಂದು ಇಂಚು ಕೆಳಗೆ. ಅಪ್ಪ ಆ ಗುರುತಿಗೆ ದಾರ ಕಟ್ಟಿ ಗಾರೆ ಎಳೆದ. ಅಜ್ಜಿ ಹೊಸ್ತಿಲಲ್ಲಿ ಕೂತು ಇಬ್ಬರಿಗೂ ಬುದ್ಧಿ ಹೇಳುತ್ತಿದ್ದಳು. ಎರಡು ವಾರ ಒದ್ದೆ ಗೋಣಿ ಹಾಸಿ ನೀರುಣಿಸಿದರು. ಗೋಣಿ ತೆಗೆದ ದಿನ ಮೇಸ್ತ್ರಿಗೆ ಅಭ್ಯಾಸಬಲ ತಡೆಯಲಾಗಲಿಲ್ಲ. ಚೊಂಬು ತಂದು ಸುರಿದೇಬಿಟ್ಟ. ನೀರು ಅವಸರವಿಲ್ಲದೆ, ಎಲ್ಲೂ ಓಡದೆ, ಎಲ್ಲೂ ನಿಲ್ಲದೆ ಇಳಿಯಿತು.

"ಇಂಥ ಸೋಮಾರಿ ನೀರನ್ನ ನಾನು ಜನ್ಮದಲ್ಲೇ ಕಂಡಿಲ್ಲ," ಎಂದ ಅವನು. ಆದರೆ ಕೂತು ಅದನ್ನು ಕೊನೆಯವರೆಗೂ ನೋಡಿದ.

ಅದೇ ವಾರ ಶಾಲೆಯಲ್ಲಿ ಮತ್ತೆ ಪರೀಕ್ಷೆ. ನೇರ ಗೆರೆಯ ಮೇಲೆ ಯಾವ ಎರಡು ಬಿಂದು ತೆಗೆದುಕೊಂಡರೂ ಇಳಿಜಾರು ಒಂದೇ ಬರುವುದೇಕೆ ಎಂಬುದು ಕೊನೆಯ ಪ್ರಶ್ನೆ. ಗುಂಡಿ ಬರೆದಳು: "ಅಡ್ಡಕ್ಕೆ ಒಂದೊಂದು ಹೆಜ್ಜೆಗೂ ಎತ್ತರ ಒಂದೇ ಸಮ ಹೆಚ್ಚುವುದರಿಂದ. ಒಂದು ಕಡೆ ಜಾಸ್ತಿ ಹೆಚ್ಚಿದರೆ ಗೆರೆ ಮುರಿಯುತ್ತದೆ, ನಮ್ಮ ಅಜ್ಜಿ ನಡುವೆ ಸಿಕ್ಕಿಕೊಳ್ಳುತ್ತಾರೆ." ಗಣಿತದ ಟೀಚರು ಪೂರ್ತಿ ಅಂಕ ಕೊಟ್ಟು, ಅಜ್ಜಿಯ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ದೊಡ್ಡದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಇಪ್ಪತ್ತೈದಕ್ಕೆ ಇಪ್ಪತ್ಮೂರು. ಸೊಸೆ ಆ ಕಾಗದವನ್ನು ಬೇಕರಿಗೆ ಒಯ್ದು, ಹಿಟ್ಟಿನ ಕೈ ಒರೆಸಿಕೊಳ್ಳದವರು ಯಾರೂ ಮುಟ್ಟಬಾರದೆಂದು ತಾಕೀತು ಮಾಡಿ, ಎಲ್ಲರಿಗೂ ತೋರಿಸಿದಳು.

ಒಂದನೇ ತಾರೀಕು ಬಂತು. ಬೆಳಿಗ್ಗೆ ಅಜ್ಜಿ ಯಾರನ್ನೂ ಮುಟ್ಟಲು ಬಿಡಲಿಲ್ಲ. ಗಾಲಿಯ ಅಂಚನ್ನು ಅಂಗೈಯಲ್ಲಿ ಹಗುರವಾಗಿ ಹಿಡಿದು ಹತ್ತಡಿ ಇಳಿದಳು, ಮೂಲೆಯಲ್ಲಿ ತಿರುಗಿದಳು, ಎಂಟಡಿ ಇಳಿದಳು. ಮಗ ಷಟರ್ ಎತ್ತಿಕೊಟ್ಟು ಸೈಕಲ್ ಹತ್ತಿದ. ಬೀದಿಯ ತಿರುವಿನಲ್ಲಿ ಎರಡು ಸಲ ಹಿಂತಿರುಗಿ ನೋಡಿದ. ಮಾಲೀಕ ಒಂಬತ್ತಕ್ಕೆ ಬಂದು, ಅಜ್ಜಿ ಬಾಯಲ್ಲಿ ಸೂಜಿ ಕಚ್ಚಿಕೊಂಡು ಗಿರಾಕಿಯ ಸೊಂಟ ಅಳೆಯುತ್ತಿದ್ದುದನ್ನು ಕ್ಷಣ ನೋಡಿ, ಬಂದ ದಾರಿಯಲ್ಲೇ ಹೋದ.

ಹನ್ನೊಂದು ಗಂಟೆಗೆ ಅವಳು ಮನೆಗೆ ಹೊರಟಳು. ಮಗ ಕೆಲಸದಲ್ಲಿ, ಗುಂಡಿ ಶಾಲೆಯಲ್ಲಿ, ಅಂಗಳದಲ್ಲಿ ನರಪಿಳ್ಳೆಯೂ ಇರಲಿಲ್ಲ. ಮೊದಲ ಅಡಿ ಏರಿದಳು. ಎರಡನೆಯದು ಮೊದಲನೆಯದರಷ್ಟೇ ಕಷ್ಟ, ಅದಕ್ಕಿಂತ ಹೆಚ್ಚಿಲ್ಲ. ಮೂರನೆಯದೂ ಅಷ್ಟೇ. ಎಂಟಕ್ಕೆ ಬಂದು ಮೂಲೆಯ ಸಮತಟ್ಟಿನಲ್ಲಿ ಉಸಿರು ತೆಗೆದುಕೊಂಡಳು. ಕುರ್ಚಿ ತಿರುಗಿಸಿದಳು. ಒಂಬತ್ತನೆಯ ಅಡಿ ಬಂದಾಗ ತೋಳುಗಳು ತಾವಾಗಿಯೇ ಬಿಗಿದುಕೊಂಡವು, ಬರಲಿದ್ದ ಗೋಡೆಗೆ ಕಾದವು. ಗೋಡೆ ಬರಲಿಲ್ಲ. ಒಂಬತ್ತನೆಯದೂ ಎಂಟನೆಯದರಷ್ಟೇ ಇತ್ತು. ಹತ್ತು, ಹನ್ನೊಂದು, ಹನ್ನೆರಡು. ಎಲ್ಲಿ ನೋಡಿದರೂ ಅಷ್ಟೇ, ಯಾವ ಅಡಿಯೂ ಅವಳಿಗೆ ಮೋಸ ಮಾಡಲಿಲ್ಲ. ಹದಿನೆಂಟಕ್ಕೆ ಬಾಗಿಲ ಮುಂದಿನ ಸಮತಟ್ಟು ಬಂತು, ಮುಂದಿನ ಗಾಲಿಗಳು ಹೊಸ್ತಿಲು ದಾಟಿದವು. ಖುಷಿಗೆ ಅವಳಿಗೆ ಜೋರಾಗಿ ಕೂಗಬೇಕೆನಿಸಿತು. ಸೊಸೆ ಮಲಗಿರುತ್ತಾಳೆಂದು ಬಾಯಿಗೆ ಕೈ ಒತ್ತಿಕೊಂಡು ನಕ್ಕಳು.

ಬಚ್ಚಲಿನಿಂದ ಹೊರಬಂದಾಗ ಸೊಸೆ ಕಣ್ಣುಜ್ಜುತ್ತ ನಡುಮನೆಯಲ್ಲಿ ನಿಂತಿದ್ದಳು.

"ಯಾರು ಕರ್ಕೊಂಡು ಬಂದ್ರು ಅತ್ತೆ?"

"ಯಾರೂ ಇಲ್ಲ. ನಾನೇ ಬಂದೆ."

ಸೊಸೆ ತೆರೆದ ಬಾಗಿಲನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಓಡಿ ಹೋಗಿ ಒಂದು ಲೋಟ ನೀರು ತಂದುಕೊಟ್ಟಳು. ಅಜ್ಜಿ ಗಟಗಟ ಕುಡಿದು ಲೋಟ ಕೈಗಿತ್ತಳು.

"ದಾರಿ ಬಿಡಮ್ಮ," ಎಂದಳು ಕುರ್ಚಿ ಬಾಗಿಲ ಕಡೆ ತಿರುಗಿಸುತ್ತ. "ಅಂಗಡೀಲಿ ಇಬ್ಬರು ಕಾಯ್ತಾ ಇದಾರೆ."